ಬಚ್ಚಲ ಪಕ್ಕದ ಗುಲಾಬಿ

ಗೋವಿಂದಮ್ಮ ಎರಡನೆಯ ಬಿಂದಿಗೆ ಸುರಿದಾಗ ರಾಮಕ್ಕನ ಒದ್ದೆ ಕೂದಲು ಮುಚ್ಚಿದ ಕಣ್ಣಿನ ಮೇಲಕ್ಕೆ ಜಾರಿತು. ಮುನಿರತ್ನಮ್ಮ ಅದನ್ನು ಬೆರಳಿನಿಂದ ಹಿಂದಕ್ಕೆ ತೀಡಿದಳು. ಜ್ವರ ಬಂದು ಸತ್ತವಳು ಅವಳ ಗಂಡನ ಅಕ್ಕ. ಹೆಂಗಸರು ಸುತ್ತ ಸೀರೆ ಮರೆ ಹಿಡಿದಿದ್ದರು. ಹಿತ್ತಲ ಬಚ್ಚಲ ಕಲ್ಲಿನಿಂದ ಇಳಿದ ಸೀಗೆನೀರು ಕಾಲುವೆ ಹಿಡಿದು ಗುಲಾಬಿ ಗಿಡದ ಪಾತಿಗೆ ಹೋಗುತ್ತಿತ್ತು.

ಮರೆಯ ಆಚೆಯಿಂದ ಗಂಡ ಲಕ್ಷ್ಮಣಪ್ಪ ಕೇಳಿದ: "ನೀರು ಗಿಡಕ್ಕೋಗ್ತೈತಾ?"

"ಇನ್ನೆಲ್ಲಿಗೋಗ್ತದೆ? ನಿಮ್ಮಕ್ಕನೇ ತೋಡಿದ ಕಾಲುವೆ."

"ಹಂಗಾದ್ರೆ ಕಿತ್ತಾಕಬೇಕು. ಹೆಣ ತೊಳೆದ ನೀರು ಕುಡಿದ ಗಿಡ. ಅದರ ಹೂವು ಇನ್ನು ದೇವ್ರಿಗೂ ಆಗಾಕಿಲ್ಲ, ಮುತ್ತೈದೇರಿಗೂ ಆಗಾಕಿಲ್ಲ. ಲೇ ಶ್ಯಾಮಣ್ಣ, ನಿಮ್ಮನೆ ಗುದ್ದಲಿ ತಗಂಬಾರ್ಲಾ."

ಮುನಿರತ್ನಮ್ಮ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ಬೆಳಿಗ್ಗೆಯೇ ಕಿತ್ತಿಟ್ಟ ಹೂವು ಒಳಗಿತ್ತು. ಇವತ್ತಾದರೂ ಒಂದು ಹೂವು ಬೆಳೆಸಿದವಳ ತಲೆಗೆ ಹೋಗಬೇಕೆಂದು ಅವಳಿಗೆ ಹಟ.

*

ಎಪ್ಪತ್ತಮೂರರಲ್ಲಿ ಮುನಿರತ್ನಮ್ಮ ಈ ಮನೆಗೆ ಹೊಸ ಸೊಸೆ. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ರಾಮಕ್ಕನಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಬಾಗಲೂರು ಕಡೆ ತೋಟದ ಕೂಲಿಗೆ ಹೋದವಳು ಮಡಿಲಲ್ಲೊಂದು ಕಡ್ಡಿ ತಂದು, ತುದಿಗೆ ಸಗಣಿ ಮೆತ್ತಿ, ಬಚ್ಚಲ ಪಕ್ಕ ನೆಟ್ಟಳು.

"ಯಾರಿಗಕ್ಕಾ ಇದು?"

"ನಿಂಗೆ ಕಣಮ್ಮಿ. ನಂದೇನಿದ್ರೂ ನೀರಾಕೋದು."

ಹೂವು ಬಿಟ್ಟಮೇಲೆ ದಿನಾ ಬೆಳಿಗ್ಗೆ ಉಗುರಿನಿಂದ ಮುಳ್ಳು ಮುರಿದು ಮುನಿರತ್ನಮ್ಮನ ಜಡೆಗೆ ತಾನೇ ಸಿಕ್ಕಿಸುವಳು. ತನ್ನ ತಂಗಿ ಮಂಗಮ್ಮನ ಮದುವೆಗೆ ಬುಟ್ಟಿ ತುಂಬ ಹೂವು ಕಿತ್ತು ಕೊಟ್ಟು, ಧಾರೆಯ ಹೊತ್ತಿಗೆ ಯಾರೂ ಹೇಳದೆಯೇ ಅಡುಗೆಮನೆಗೆ ಸರಿದುಹೋದಳು.

ಒಂದು ಸಂಜೆ ಮಾತ್ರ ಹಂಡೆಯ ನೀರಿನ ಮೇಲೆ ಬಗ್ಗಿ, ಹೂವೊಂದನ್ನು ಕಿವಿಯ ಹಿಂದೆ ಹಿಡಿದು ತನ್ನ ಮುಖ ನೋಡಿಕೊಳ್ಳುತ್ತಿದ್ದಳು. ಮುನಿರತ್ನಮ್ಮನ ಹೆಜ್ಜೆ ಕೇಳಿದ್ದೇ ಕೈ ಇಳಿಯಿತು.

"ಹುಳ ಐತೇನೋ ಅಂತ ನೋಡ್ತಿದ್ದೆ" ಎಂದಳು.

*

ಮೈ ಒರೆಸಿ ಒಣಸೀರೆ ಸುತ್ತಿದರು. ಕೂದಲು ಗಂಟು ಹಾಕುವ ನೆಪದಲ್ಲಿ ಮುನಿರತ್ನಮ್ಮ ಹೂವನ್ನು ಒಳಗೆ ಸಿಕ್ಕಿಸಿ ಹೆಣದ ತಲೆಯ ಮೇಲೆ ಸೆರಗೆಳೆದಳು. ಅವಳ ಕೈ ಈಚೆ ಬರುವಷ್ಟರಲ್ಲಿ ಗೋವಿಂದಮ್ಮನ ಕೈ ಒಳಗೆ ಹೋಯಿತು. ಗೋವಿಂದಮ್ಮ ಲಕ್ಷ್ಮಣಪ್ಪನ ಸೋದರತ್ತೆ. ಅವಳೂ ಗಂಡ ಸತ್ತವಳೇ.

"ಏನಮ್ಮೀ ಇದು?"

"ಇರ್ಲಿ ಬುಡಿ ಅತ್ತೆ. ಯಾರು ನೋಡ್ತಾರೆ?"

"ನಾನು ನೋಡಿದ್ನಲ್ಲ. ನಾಳೆ ನಂಗೂ ಮುಡಿಸ್ತೀಯಾ? ಬರೀ ತಲೆ ಹೊತ್ಕೊಂಡೇ ಮುದುಕಿ ಆದೆ. ಒಂದು ದಿನ ಕೇಳಿದ್ನಾ ನಾನು?"

ಗೋವಿಂದಮ್ಮನ ದನಿ ಏರಲಿಲ್ಲ. ಅವಳು ಹೂವನ್ನು ಬಿಡಿಸಿ ಕಲ್ಲಿನ ಮೇಲೆ ಹಾಕಿ, ಉಳಿದಿದ್ದ ಬಿಂದಿಗೆಯನ್ನು ಅದರ ಮೇಲೆ ಬಗ್ಗಿಸಿದಳು.

ಮರೆ ಇಳಿಯಿತು. ಗಂಡಸರು ಬಂದು ರಾಮಕ್ಕನನ್ನು ಎತ್ತಿಕೊಂಡರು.

ನೊರೆಯ ಜೊತೆ ತೇಲಿದ ಹೂವು ಕಾಲುವೆಯ ತಿರುವಿನಲ್ಲೊಮ್ಮೆ ತಡೆದು, ಮಗುಚಿ, ಗಿಡದ ಬುಡಕ್ಕೆ ಹೋಗಿ ನಿಂತಿತು. ಶ್ಯಾಮಣ್ಣ ಅದರ ಪಕ್ಕದಲ್ಲಿ ಕಾಲೂರಿ ಗುದ್ದಲಿ ಎತ್ತಿದ.