ಗೇಟಿನ ಪರದೆ

"ಕೈ ಎತ್ತೇ, ಹಂದಿ. ಬಾಡಿಯೊಳಗೆ ಸಾಸೇಜ್ ಇಟ್ಕೊಂಡು ಹೊಂಟಿದೀಯೋ, ಇಲ್ಲ ನಿಂದೇ ಅಷ್ಟೈತೋ, ನೋಡ್ಬೇಕಲ್ಲ."

ಮಾಂಸದ ಕಾರ್ಖಾನೆಯ ಗೇಟಿನ ಕಾವಲುಗಾರ ಮಾಜೂರೆಕ್‌ನ ಬೆರಳುಗಳು ಗೇನಿಯಾಳ ಅಂಗಿಯೊಳಗೆ ತಡಕಾಡಿದವು. ಅವಕ್ಕೆ ಸಿಗರೇಟಿನ ನಾತ, ಆಗಷ್ಟೇ ತಿಂದ ಉಪ್ಪುಮೀನಿನ ಜಿಡ್ಡು. ಹಿಂದಿದ್ದ ಹೆಂಗಸರು ನೆಲ ನೋಡಿದರು. ಗಂಡಸರು ನಕ್ಕರು. ಹದಿನೇಳು ವರ್ಷದಿಂದ ದಿನಾ ಸಂಜೆ ಇದೇ. ಅವಳು ಕೊಯ್ದ ತೊಡೆಮಾಂಸ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿತ್ತು. ಅವಳ ಪಾಲಿನ ಕ್ಯಾಂಟೀನ್ ಸಾರಿನಲ್ಲಿ ಹಂದಿಯ ಕಿವಿ ಕೂದಲ ಸಮೇತ ತೇಲುತ್ತಿತ್ತು.

ಆಗಸ್ಟಿನಲ್ಲಿ ಹೆಂಗಸರು ಚೂರಿ ಕೆಳಗಿಟ್ಟರು. ಕೇಳಿದ್ದು ಇಷ್ಟೇ: ಗೇಟಿನಲ್ಲೊಂದು ಪರದೆ ಕಟ್ಟಿ, ತಡಕಲು ಹೆಂಗಸನ್ನು ನಿಲ್ಲಿಸಿ. ಕಾರ್ಖಾನೆಯ ನಿರ್ದೇಶಕ ಬರ್ಗಿಯೆಲ್, ಕಮ್ಯುನಿಸ್ಟ್ ಪಕ್ಷದ ದೊಡ್ಡ ಕುಳ, ನಕ್ಕ. "ಇದು ಕಾರ್ಮಿಕರದೇ ರಾಜ್ಯ ಕಣಮ್ಮ. ನಿಮ್ಮೋರ ಹತ್ರ ನಿಮಗೆಂಥ ನಾಚ್ಕೆ?"

ಮರುದಿನ ಗಂಡಸರೂ ಮುಷ್ಕರಕ್ಕೆ ಕೂತರು. ಗ್ದಾನ್ಸ್ಕ್‌ನ ಹಡಗುಕಟ್ಟೆಯಲ್ಲೂ ಕೂತಿದ್ದಾರೆಂದು ಸುದ್ದಿ ಬಂತು. ಬೇಡಿಕೆ ಬೆಳೆಯಿತು: ನಮ್ಮದೇ ಸಂಘ ಬೇಕು, ಚುನಾವಣೆಗೆ ನಮ್ಮವರೂ ನಿಲ್ಲಬೇಕು. ಮೂರನೇ ದಿನ ಬರ್ಗಿಯೆಲ್ ಶೀತಲ ಕೋಣೆಯ ಕರೆಂಟ್ ತೆಗೆಸಿದ. ಕೊಕ್ಕೆಯಲ್ಲಿದ್ದ ಇನ್ನೂರು ಹಂದಿ ಹಸಿರುಗಟ್ಟಿ ಊದಿದವು. ಬಾಗಿಲ ಸಂದಿಯಿಂದ ಹರಿದು ಬಂದ ಹುಳಗಳು ಮಲಗಿದವರ ಕೂದಲಿಗೆ ಹತ್ತಿದವು. ಜನರ ಮಾಂಸ ಕೊಳೆಸಿದ ದ್ರೋಹಿಗಳೆಂದು ರೇಡಿಯೋ ಇವರನ್ನೇ ಬೈಯಿತು. ಹನ್ನೊಂದು ದಿನ ಯಾರೂ ಮನೆಗೆ ಹೋಗಲಿಲ್ಲ. ಹೊರಗೆ ವಾಂತಿ ಮಾಡಿ ಬಂದು ಮತ್ತೆ ಅಲ್ಲೇ ಕೂತರು.

ಚಳಿಗಾಲದ ಕೊನೆಗೆ ಸರಕಾರ ರಾಜಧಾನಿ ವಾರ್ಸಾದಲ್ಲಿ ಮುಷ್ಕರದವರ ಜೊತೆ ಮಾತುಕತೆಗೆ ಕೂತಿತು. ಜೂನಿನಲ್ಲಿ ಸಂಘದವರೂ ನಿಂತ ಮತದಾನ ಬಂತು. ಗೇಟಿಗೆ ಮಾತ್ರ ಪರದೆ ಬರಲಿಲ್ಲ.

ಮತಗಟ್ಟೆ ಅದೇ ಕ್ಯಾಂಟೀನಿನಲ್ಲಿ. ಮೂಲೆಯಲ್ಲೊಂದು ಹಸಿರು ಪರದೆ. ಅದು ಹಿಂದಿನ ಚುನಾವಣೆಗಳಲ್ಲೂ ಪ್ರತಿ ಸಲ ಇರುತ್ತಿತ್ತು. ಅದರೊಳಗೆ ಹೋದವರ ಹೆಸರನ್ನು ಪಕ್ಷದವರು ಬರೆದುಕೊಳ್ಳುತ್ತಿದ್ದರು. ಹಾಗಾಗಿ ಯಾರ ಹೆಸರನ್ನೂ ಹೊಡೆಯದೆ ಚೀಟಿ ಮಡಚಿ ಎಲ್ಲರ ಕಣ್ಣೆದುರೇ ಪೆಟ್ಟಿಗೆಗೆ ಹಾಕಿ ಬರುವುದು ರೂಢಿ. ಈ ಸಲ ತಾನೇ ಉಮೇದುವಾರನಾಗಿದ್ದ ಬರ್ಗಿಯೆಲ್ ಪೆಟ್ಟಿಗೆಯ ಪಕ್ಕ ನಿಂತಿದ್ದ.

"ಇಲ್ಲೇ ಹಾಕು ಗೇನಿಯಾ. ನಮ್ಮಿಂದ ಮುಚ್ಚಿಡೋ ಅಂಥದ್ದೇನಿದೆ ನಿನ್ಹತ್ರ?"

ಅಭ್ಯಾಸಬಿದ್ದ ಕಾಲು ಪೆಟ್ಟಿಗೆಯತ್ತ ಎರಡು ಹೆಜ್ಜೆ ಇಟ್ಟೇಬಿಟ್ಟಿತ್ತು. ನಿಂತಳು.

"ಮುಚ್ಚಿಡಾಕೆ ಏನೂ ಉಳಿಸಿಲ್ಲ ಸಾಹೇಬ್ರೆ, ನಿಮ್ಮ ಗೇಟಿನ ನಾಯಿ ಎಲ್ಲಾ ತಡಕಿ ನೋಡೈತೆ. ಪರದೆ ಕೇಳಿದ್ವಿ. ಇವತ್ತು ಸಿಕ್ಕೈತೆ."

ಒಳಗೆ ದಾರ ಕಟ್ಟಿದ ಒಂದೇ ಪೆನ್ನು. ಬೇಡದ ಹೆಸರನ್ನು ಗೀಟೆಳೆದು ಹೊಡೆದುಹಾಕಬೇಕು. ಎಲುಬಿನಿಂದ ಮಾಂಸ ಬಿಡಿಸುವ ಹಾಗೆ, ಅವಸರವಿಲ್ಲದೆ, ಬರ್ಗಿಯೆಲ್‌ನನ್ನು ಹೊಡೆದಳು. ಅವನ ಪಕ್ಷದ ಉಳಿದ ದೊಡ್ಡವರನ್ನೂ ಹೊಡೆದಳು.

ಚೀಟಿ ಹಾಕಿ ತಿರುಗಿದರೆ ಸಾಲು ಪೆಟ್ಟಿಗೆ ಬಿಟ್ಟು ಪರದೆಯ ಮುಂದೆ ಬೆಳೆದಿತ್ತು. ಎಲ್ಲರಿಗಿಂತ ಮುಂದೆ ಮಾಜೂರೆಕ್. ಸಾಹೇಬನ ಕಡೆ ನೋಡದೆ ಇವಳತ್ತ ಹಲ್ಲು ಕಿರಿದ. "ನಾನೂ ನಿಮ್ಮೋನೇ ಅಲ್ವಾ ಅಕ್ಕ."

ಗೇನಿಯಾ ಅವನ ಬೆರಳುಗಳನ್ನು ನೋಡಿದಳು.

"ಮೊದ್ಲು ಕೈ ತೊಳ್ಕೊಂಡು ಬಾರೋ ಬೋಳಿಮಗನೆ. ಆ ಪೆನ್ನು ನಮ್ಮ ಹೆಂಗಸ್ರೂ ಮುಟ್ಬೇಕು."