ಗೆದ್ದ ಮೂಲೆ ಸೋತದ್ದು ಹೀಗೆ

ನಮ್ಮೂರ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಬೀಗ ಬಿದ್ದು ಬಹಳ ಕಾಲವಾಯಿತು. ನನ್ನ ಮೈದುನ ವರ್ಲಿನ್‌ನ ಮಗಳು ಕೆಂದ್ರಾ ಚೊಚ್ಚಲ ಮಗುವನ್ನು ಹೆತ್ತದ್ದು ಹೆದ್ದಾರಿಯ ಪಕ್ಕ, ಪಿಕಪ್ ಗಾಡಿಯ ಸೀಟಿನ ಮೇಲೆ, ಹಿಮಗಾಳಿಯಲ್ಲಿ. ಈಗ ಅವಳು ಮತ್ತೆ ಬಸುರಿ.

ಅಮೆರಿಕದ ಅಯೋವಾ ರಾಜ್ಯದ ಇಂಥ ಸಣ್ಣ ಊರುಗಳ ಹೆರಿಗೆ ವಾರ್ಡ್ ತೆರೆಸುತ್ತೇನೆ ಎಂದು ಬಾಯಿಬಿಟ್ಟು ಹೇಳಿದವರು, ನಮ್ಮ ಪಕ್ಷದಿಂದ ಅಧ್ಯಕ್ಷ ಪದವಿಯ ಟಿಕೆಟ್ ಕೇಳುತ್ತಿದ್ದವರಲ್ಲಿ ಒಬ್ಬರೇ. ನಾವು ಅವರನ್ನು ಸೆನೆಟರಮ್ಮ ಎನ್ನುತ್ತಿದ್ದೆವು.

ಫೆಬ್ರವರಿಯಲ್ಲಿ ಶಾಲೆಯ ಆಟದ ಹಾಲಿನಲ್ಲಿ ಕಾಕಸ್ ಸಭೆ, ಅಂದರೆ ಪಕ್ಷದವರೆಲ್ಲ ಸೇರಿ ತಮಗೆ ಬೇಕಾದ ಅಭ್ಯರ್ಥಿಗೆ ಬೆಂಬಲ ತೋರಿಸುವ ಸಭೆ, ನಡೆಯಿತು. ಯಾರಿಗೆ ಯಾರು ಬೇಕೋ ಅವರ ಮೂಲೆಗೆ ಹೋಗಿ ನಿಂತೆವು. ತಲೆ ಎಣಿಸಿದರೆ ಸೆನೆಟರಮ್ಮನ ಮೂಲೆಯೇ ದೊಡ್ಡದು! ವರ್ಲಿನ್ ಶಿಳ್ಳೆ ಹೊಡೆದ. ಜನ ಆಗಲೇ ಕೋಟು ಹುಡುಕತೊಡಗಿದರು.

ಸಭೆ ನಡೆಸುತ್ತಿದ್ದ ನನ್ನ ಗೆಳತಿ ಲವಾನ್ ಕೂಗಿದಳು. "ಹೊರಡ್ಬೇಡ್ರಪ್ಪಾ! ಮುಖ್ಯವಾದ ಕೆಲಸ ಇನ್ನೂ ಇದೆ. ಮಾರ್ಚ್‌ನಲ್ಲಿ ಸುತ್ತಲ ಊರೆಲ್ಲಾ ಸೇರೋ ಕೌಂಟಿ ಸಮಾವೇಶಕ್ಕೆ ಈ ಮೂಲೆಯಿಂದ ನಾಲ್ಕು ಪ್ರತಿನಿಧಿ ಬೇಕು. ಅವರು ಬರ್ಲಿಲ್ಲ ಅಂದ್ರೆ ನಿಲ್ಲೋಕೆ ಬದಲಿ ಜನಾನೂ ಬೇಕು."

"ಎಣಿಸಿದ್ದಾಯ್ತು, ಗೆದ್ದಿದ್ದಾಯ್ತು, ಇನ್ನೇನು ಪುರಾಣ ನಿಂದು?" ಎಂದ ವರ್ಲಿನ್. "ಹೋಗ್ಲಿ, ನನ್ನ ಹೆಸರೇ ಬರ್ಕೋ. ಮೊದಲು ಬಾಗಿಲು ಬಿಡು ತಾಯಿ, ಕಾಫಿನೂ ಮುಗಿದಿದೆ."

ಎಲ್ಲರೂ ನಕ್ಕರು. ನಾನೂ ಇನ್ನಿಬ್ಬರೂ ಹೆಸರು ಕೊಟ್ಟೆವು. ಬದಲಿಗೆ ನಿಲ್ಲಲು ಯಾರೂ ಉಳಿಯಲಿಲ್ಲ.

ಮಾರ್ಚ್ ಬಂತು. ಕೌಂಟಿ ಸಮಾವೇಶದಲ್ಲಿ ಮತ್ತೆ ಮೂಲೆಗಳು, ಮತ್ತೆ ಎಣಿಕೆ. ಇಲ್ಲಿ ಎಲ್ಲ ಊರುಗಳ ಪ್ರತಿನಿಧಿಗಳಿದ್ದರು, ಸೆನೆಟರಮ್ಮನ ಪರ ಬಂದವರೆಲ್ಲ ಸೇರಿದರೂ ನಮ್ಮದು ಸಣ್ಣ ಗುಂಪು. ಬಂದವರಲ್ಲಿ ನೂರಕ್ಕೆ ಹದಿನೈದು ಮಂದಿಯಾದರೂ ಇಲ್ಲದ ಗುಂಪು ಅಲ್ಲಿ ಲೆಕ್ಕಕ್ಕಿಲ್ಲ. ಎಣಿಸಿದವರು ತಲೆ ಎತ್ತಿ ಹೇಳಿದರು, "ಒಬ್ಬರು ಕಮ್ಮಿ."

ವರ್ಲಿನ್ ಎಲ್ಲಿ? ಅವನಿಗೆ ಫೋನ್ ಮಾಡಿದೆ.

"ಹಸು ಕರು ಹಾಕ್ತಿದೆ ಅತ್ತಿಗೆ, ಆಮೇಲೆ ಮಾಡಿ."

"ಇಲ್ಲಿ ಎಣಿಸ್ತಿದಾರೆ ಕಣೋ! ನೀನೊಬ್ಬ ಇದ್ದಿದ್ರೆ ಸಾಕಿತ್ತು!"

"ಮತ್ತೆ ಎಣಿಸೋದಾ? ಫೆಬ್ರವರೀಲೇ ಗೆದ್ವಲ್ಲ!"

"ನಿನ್ನ ಹಸುಗೆ ಹೆರೋಕೆ ಬೆಚ್ಚಗಿನ ಕೊಟ್ಟಿಗೆ ಇದೆ, ನಿನ್ನ ಮಗಳಿಗೆ ಏನಿದೆಯೋ?" ಎಂದು ಕಿರುಚಿದೆ. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು.

ಅವನು ಹೊರಟರೂ ಒಂದು ಗಂಟೆಯ ದಾರಿ. ಅಷ್ಟರಲ್ಲಿ ನಮ್ಮ ಮೂಲೆ ಚದುರಿತ್ತು. ಅರ್ಧ ಜನ ಬೇರೆ ಗುಂಪಿಗೆ ಸೇರಿದರು, ಅರ್ಧ ಜನ ಮನೆಗೆ ಹೋದರು. ನಮ್ಮೂರಲ್ಲಿ ಎಲ್ಲರಿಗಿಂತ ಮುಂದಿದ್ದ ಸೆನೆಟರಮ್ಮನಿಗೆ ನಮ್ಮ ಕೌಂಟಿಯಿಂದ ಸಿಕ್ಕಿದ್ದು ಸೊನ್ನೆ.

ಸಂಜೆ ವರ್ಲಿನ್‌ನ ಅಡುಗೆಮನೆಯಲ್ಲಿ ಕೂತಿದ್ದೆವು. ಅವನು ಇನ್ನೂ ನಂಬಲಾರ. "ಅಷ್ಟು ಜನ ನಿಂತಿದ್ವಲ್ಲ. ಅದೆಲ್ಲಾ ಎಲ್ಲಿ ಹೋಯ್ತು?"

"ಅವತ್ತು ನಾವು ಗೆದ್ದಿದ್ದು ನಾಲ್ಕು ಕುರ್ಚಿ ಅಷ್ಟೇ ಮಾರಾಯ," ಎಂದಳು ಲವಾನ್. "ಅದರಲ್ಲಿ ಕೂರೋರು ಕೌಂಟಿಗೆ ಬಂದು, ರಾಜ್ಯದ ಸಮಾವೇಶಕ್ಕೆ ಹೋಗೋರನ್ನ ಆರಿಸ್ಬೇಕು. ರಾಜ್ಯದಲ್ಲಿ ಸೇರೋರು ದೇಶದ ಸಮಾವೇಶಕ್ಕೆ ಜನ ಕಳಿಸ್ತಾರೆ. ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನ ಆಗೋದು ಅಲ್ಲಿ. ನೀನು ಮೊದಲನೇ ಮೆಟ್ಟಿಲಲ್ಲೇ ಮನೆಗೆ ಹೋದೆ."

ಒಲೆಯ ಬಳಿ ನಿಂತಿದ್ದ ಕೆಂದ್ರಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಿರುಗಿದಳು.

"ಅಪ್ಪಾ, ಆ ಕಮ್ಮಿ ಆದ ಒಬ್ಬ ನೀನೇನಾ?"

ವರ್ಲಿನ್ ಹೌದೆಂದು ತಲೆಯಾಡಿಸಿ, ಕುರ್ಚಿ ಎಳೆದು ಅವಳನ್ನು ಕೂರಿಸಿದ. "ಮುಂದಿನ ಸಲ ಮೊದಲು ಹಸು ನೋಡ್ಕೊಳ್ಳೋಕೆ ಆಳು ಗೊತ್ತು ಮಾಡ್ತೀನಿ. ಆಮೇಲೆ ಹೆಸರು ಕೊಡ್ತೀನಿ. ಕೊಟ್ಟ ಮೇಲೆ ಹೋಗ್ತೀನಿ."

"ಮುಂದಿನ ಸಲ ಅಂದ್ರೆ ನಾಲ್ಕು ವರ್ಷ," ಎಂದಳು ಲವಾನ್.

ಅಕ್ಕಂದಿರೇ, ಅಣ್ಣಂದಿರೇ, ತಲೆ ಎಣಿಸಿದ ಕೂಡಲೇ ಕೋಟು ಹಾಕಿಕೊಳ್ಳಬೇಡಿ. ಪ್ರತಿನಿಧಿಗಳ ಆಯ್ಕೆ ಮುಗಿಯುವ ತನಕ ಕುಳಿತಿರಿ. ಬದಲಿಗೂ ಜನರನ್ನು ಆರಿಸಿ. ಹೋಗಲಾಗದಿದ್ದರೆ ಹೆಸರು ಕೊಡಬೇಡಿ, ಕೊಟ್ಟರೆ ದಯವಿಟ್ಟು ತಪ್ಪಿಸಬೇಡಿ.

ಕೆಂದ್ರಾಗೆ ಮೇ ತಿಂಗಳಲ್ಲಿ ದಿನ ತುಂಬುತ್ತದೆ. ವರ್ಲಿನ್ ಈಗಿನಿಂದಲೇ ಪಿಕಪ್‌ನ ಸೀಟಿನ ಮೇಲೆ ಒಗೆದ ಕಂಬಳಿ ಹಾಸಿಟ್ಟಿದ್ದಾನೆ.