ಮ್ಯಾಂಡೋಲಿನ್ನಿಗೆ ಸುಳಿ ನೋಡಿದ್ದು

ಐವತ್ತೆರಡನೇ ವಯಸ್ಸಿನಲ್ಲಿ ಶ್ಯಾಮಲಾ ಮ್ಯಾಂಡೋಲಿನ್ ಕೊಳ್ಳುತ್ತೇನೆಂದಾಗ ಗಂಡ ಮಂಜುನಾಥಪ್ಪ ಬೇಡ ಅನ್ನಲಿಲ್ಲ. ದುಡ್ಡು ಅವಳದೇ, ಬ್ಲೌಸ್ ಹೊಲಿದು ಕೂಡಿಸಿದ ಐದು ಸಾವಿರ. ಆದರೆ ಒಂದು ಷರತ್ತು ಹಾಕಿದ: “ಗಿರಿಯಪ್ಪ ಬಾವನ್ನ ಕರ್ಕೊಂಡು ಹೋಗು. ನಿಂಗೆ ಯಾರ್ ಬೇಕಾದ್ರೂ ಟೋಪಿ ಹಾಕ್ತಾರೆ.”

ಆನಂದಪುರದ ಆಚೆ ಬೀದಿಯ ಕಾವ್ಯಾ ಟೀಚರ್ ಹತ್ತಿರ ಅವಳು ಆರು ತಿಂಗಳಿಂದ ಕದ್ದು ಕಲಿಯುತ್ತಿದ್ದುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ನಗುತ್ತಾರೆಂಬ ನಾಚಿಕೆ. ಈಗ ಕಾವ್ಯಾಗೆ ತೀರ್ಥಹಳ್ಳಿಗೆ ವರ್ಗವಾಗಿ, ಅವಳ ಮ್ಯಾಂಡೋಲಿನ್ನೂ ಅವಳೊಂದಿಗೆ ಹೊರಟುಹೋಗಿತ್ತು. ಸ್ವಂತದ್ದೊಂದು ಬರದಿದ್ದರೆ ಕಲಿತದ್ದೆಲ್ಲ ನೀರಲ್ಲಿ ಹೋಮ.

ಇನ್ನು ಗಿರಿಯಪ್ಪ. ಶ್ಯಾಮಲಾಳ ಒಡಹುಟ್ಟಿದ ಅಣ್ಣ, ಮೂವತ್ತು ವರ್ಷ ದನದ ದಲ್ಲಾಳಿ. ವ್ಯಾಪಾರ ನಿಂತರೂ ಠೀವಿ ನಿಂತಿಲ್ಲ. ನೆಂಟರಿಷ್ಟರು ಏನು ಕೊಳ್ಳುವುದಿದ್ದರೂ ಅವನು ಬಂದು ನೋಡಲೇಬೇಕು. ತಂಗಿಯ ಮನೆಗೆ ಫ್ರಿಜ್ ತರುವಾಗ ಅದರ ಬಾಯಿ ತೆಗೆಸಿ ಮೂಸಿ, ಒದೆಯುತ್ತದೆಯೋ ಏನೋ ಎಂದು ಹಿಂಬದಿಗೆ ಹೋಗದೆ ದೂರ ನಿಂತು ಪರೀಕ್ಷಿಸಿದ ಮಹಾನುಭಾವ. ದುರದೃಷ್ಟಕ್ಕೆ ಆ ಫ್ರಿಜ್ ಇವತ್ತಿಗೂ ಕೆಟ್ಟಿಲ್ಲ. ಹಾಗಾಗಿ ಅವನ ಮಾತಿಗೆ ಎದುರಾಡಲು ಯಾರಿಗೂ ಬಾಯಿಲ್ಲ.

ಸಾಗರದ ಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಮುಕುಂದಯ್ಯನ ಅಂಗಡಿಯಲ್ಲಿ ಎರಡು ಮ್ಯಾಂಡೋಲಿನ್ ಇದ್ದವು. ಒಂದು ಕೆಂಪಗೆ ಮಿರಿಮಿರಿ ಮಿಂಚುವ ಹೊಸದು. ಇನ್ನೊಂದು ಯಾರೋ ನುಡಿಸಿ ಬಿಟ್ಟ ಕಂದು ಬಣ್ಣದ ಹಳೆಯದು. ಕಾವ್ಯಾ ಹೇಳಿಕೊಟ್ಟಂತೆ ಶ್ಯಾಮಲಾ ಎರಡನ್ನೂ ನೋಡಿದಳು. ಕೆಂಪಿನದರ ತಂತಿಗಳು ಕತ್ತಿನಿಂದ ಬಹಳ ಮೇಲಿದ್ದವು. ಒತ್ತಿದರೆ ಬೆರಳಿಗೆ ನೋವು, ಮೇಲಿನ ಸ್ವರಗಳಿಗೆ ಹೋದರೆ ಶ್ರುತಿ ಎತ್ತಲೋ ಓಡುತ್ತಿತ್ತು. ಹಳೆಯದರ ಕತ್ತು ನೆಟ್ಟಗಿತ್ತು, ಒತ್ತಿದ ಕಡೆಯೆಲ್ಲ ಸ್ವರ ಸರಿಯಾಗಿ ಕೂರುತ್ತಿತ್ತು. ಅದನ್ನು ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿಬಿಡುವಷ್ಟು ಆಸೆಯಾಯಿತು ಅವಳಿಗೆ.

“ತಾ ಇಲ್ಲಿ,” ಎಂದು ಗಿರಿಯಪ್ಪ ಅದನ್ನು ಕಸಿದುಕೊಂಡು ತಲೆಯ ಬಿರಡೆಗಳನ್ನು ಎಣಿಸಿದ. “ಎಂಟು ಹಲ್ಲು. ಬಾಯಿಗೂಡಿದೆ. ವಯಸ್ಸಾಗೋಯ್ತು ಇದಕ್ಕೆ.”

“ಎಲ್ಲಾ ಮ್ಯಾಂಡೋಲಿನ್ನಿಗೂ ಎಂಟೇ ಯಜಮಾನ್ರೇ,” ಎಂದ ಮುಕುಂದಯ್ಯ.

“ಹಂಗಾದ್ರೆ ಎಲ್ಲಾ ಮುದಿಯವೇ ಇಟ್ಕೊಂಡಿದೀರಿ.”

ಗಿರಿಯಪ್ಪ ಬೆನ್ನಿಗೊಂದು ಪೆಟ್ಟು ಕೊಟ್ಟ. ತಂತಿಗಳು ಗುಂಯ್ ಎಂದವು. “ಸಿಟ್ಟು ಜಾಸ್ತಿ,” ಎಂದು ತಿರುಗಿಸಿ ನೋಡಿದವನು ಹೌಹಾರಿದ. ಬೆನ್ನಿನ ಮರದಲ್ಲಿ ಗೆರೆಗಳು ಸುತ್ತಿಕೊಂಡು ಒಂದು ಸುಳಿಯಾಗಿತ್ತು. “ಅಯ್ಯೋ! ಯಜಮಾನನ್ನ ತಿನ್ನೋ ಸುಳಿ ಇದು. ಹಿಂದಿನ ಯಜಮಾನ ಎಲ್ಲಿ?”

“ತೀರ್ಕೊಂಡ್ರು.”

ಗಿರಿಯಪ್ಪ ಗೆದ್ದ ಮುಖವನ್ನು ತಂಗಿಯತ್ತ ತಿರುಗಿಸಿದ.

“ತೊಂಬತ್ತೊಂದಾಗಿತ್ತು ಅವ್ರಿಗೆ,” ಎಂದ ಮುಕುಂದಯ್ಯ.

“ಸುಳಿ ಇಲ್ದಿದ್ರೆ ನೂರು ದಾಟ್ತಿದ್ರು. ಆ ಕೆಂಪುದು ತೆಗೀರಿ.”

“ಅದು ಬೇಡ ಯಜಮಾನ್ರೇ. ಶೋಕೇಸಲ್ಲಿ ಇಡೋಕೆ ಚೆನ್ನಾಗಿದೆ, ಕಲಿಯೋರಿಗೆ ಆಗಲ್ಲ.”

ಗಿರಿಯಪ್ಪನ ಕಣ್ಣು ಹೊಳೆಯಿತು. ಮಾರುವವನೇ ಬೇಡ ಅನ್ನುತ್ತಾನೆಂದರೆ ಆ ಮಾಲನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿಲ್ಲ ಎಂದೇ ಗಿರಿಯಪ್ಪನ ಲೆಕ್ಕ. ಹೆಗಲ ಟವೆಲ್ ತೆಗೆದು ಮುಕುಂದಯ್ಯನ ಕೈಮೇಲೆ ಹೊದೆಸಿ, ಒಳಗೆ ತನ್ನ ಕೈ ತೂರಿಸಿದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ, ಬೆರಳಿಗೊಂದು ಸಾವಿರ. ಪಾಪ, ಮುಕುಂದಯ್ಯನಿಗೆ ಈ ವಿದ್ಯೆ ಏನು ಗೊತ್ತು! ಗಿರಿಯಪ್ಪ ಎರಡು ಬೆರಳು ಹಿಡಿಯುತ್ತಲೇ ಮುಕುಂದಯ್ಯ ಕಚಗುಳಿಯಾಗಿ ಕಿಸಕ್ಕನೆ ನಕ್ಕು, ಬಿಡಿಸಿಕೊಳ್ಳಲು ಅವನ ಐದೂ ಬೆರಳನ್ನು ಒಟ್ಟಿಗೆ ಅಮುಕಿದ.

“ಐದು! ಗಟ್ಟಿ ಆಸಾಮಿ ನೀವು. ಆಯ್ತು, ಒಪ್ಪಿದೆ.”

“ಅಣ್ಣಾ, ಅದರ ಮೇಲೆ ಮೂರು ಸಾವಿರ ಅಂತ ಚೀಟಿ ಇದೆ!”

ಗಿರಿಯಪ್ಪ ಚೀಟಿ ನೋಡಿದ. ಮುಖ ಕಪ್ಪಿಟ್ಟಿತು. ಆದರೂ, “ಟವೆಲ್ ಒಳಗೆ ಆಡಿದ ಮಾತು ತಪ್ಪಿದ್ರೆ ನಾನು ಗಿರಿಯಪ್ಪನೇ ಅಲ್ಲ,” ಎಂದ.

ಶ್ಯಾಮಲಾಗೆ ಪಿತ್ತ ನೆತ್ತಿಗೇರಿತು. ವರ್ಷಗಟ್ಟಲೆ ಕಂಡವರ ಬ್ಲೌಸಿಗೆ ಕಾಜಾ ಹಾಕಿದ್ದು ಈ ಕೆಂಪು ಗೊಂಬೆಗೇ? ಅಳುವೂ ಬಂತು. ಅಳದೆ, ಟವೆಲ್ಲಿನೊಳಗೆ ತಾನೂ ಕೈ ತೂರಿಸಿದಳು. ಸಾಗರ ಸೀಮೆಯಲ್ಲಿ ಯಾವ ಹೆಂಗಸೂ ಹಾಗೆ ಮಾಡಿದ್ದನ್ನು ಗಿರಿಯಪ್ಪ ಕಂಡಿರಲಿಲ್ಲ.

“ಎಂತ ಮಾಡ್ತೀಯೆ ಇದು? ಅದೂ ಎಡಗೈ!”

“ಎಡಗೈನೇ ಹಿಡಿ. ವ್ಯಾಪಾರ ನನ್ನ ಜೊತೆ ಮಾಡು.”

ಬೆರಳು ಹಿಡಿದವನು ಒಂದೊಂದೇ ತುದಿಯನ್ನು ಸವರಿದ. ನಾಲ್ಕೂ ತುದಿಗಳು ಕಲ್ಲಿನಂತೆ ಜಡ್ಡುಗಟ್ಟಿದ್ದವು. ಸೂಜಿ ಹಿಡಿಯುವುದು ಬಲಗೈಯಲ್ಲಿ, ಈಗಷ್ಟೇ ಅವಳು ತಂತಿ ಒತ್ತಿದ್ದು ಎಡಗೈಯಲ್ಲಿ ಎಂಬುದು ಅವನಿಗೂ ಗೊತ್ತು.

“ಎಷ್ಟು ದಿನದಿಂದ?” ಎಂದು ಮೆಲ್ಲಗೆ ಕೇಳಿದ.

“ಆರು ತಿಂಗಳಾಯ್ತಣ್ಣ.”

ಅವನು ಕೈ ಬಿಡಲಿಲ್ಲ. ಕೊನೆಗೆ ಮುಕುಂದಯ್ಯನತ್ತ ತಿರುಗಿ, “ಅಯ್ಯೋರೆ, ಬೆರಳಲ್ಲಿ ಬೆಲೆ ಹೇಳಿದ್ವಿ, ಮಾಲು ಯಾವ್ದು ಅಂತ ಹೇಳಿಲ್ಲ. ಆ ಸುಳೀದು ಕೊಡಿ,” ಎಂದ.

“ಅದಕ್ಕೆ ನಾಲ್ಕೂವರೆನೇ ಯಜಮಾನ್ರೇ.”

“ಐದು ಅಂದ್ರೆ ಐದು!”

ಕೊಳ್ಳುವವನು ಬೆಲೆ ಏರಿಸಲು, ಮಾರುವವನು ಇಳಿಸಲು ಬಹಳ ಹೊತ್ತು ಗುದ್ದಾಡಿದರು. ಕಡೆಗೆ ಮಿಕ್ಕ ಐನೂರಕ್ಕೆ ಮುಕುಂದಯ್ಯ ಒಂದು ಚೀಲವನ್ನೂ ಒಂದು ಸೆಟ್ ತಂತಿಯನ್ನೂ ಹೇರಿ ಇಬ್ಬರನ್ನೂ ಸಾಗಹಾಕಿದ.

ಸಂಜೆ ಮಂಜುನಾಥಪ್ಪ ಮ್ಯಾಂಡೋಲಿನ್ ತಿರುಗಿಸಿ ನೋಡಿ ಗಾಬರಿಯಾದ. “ಬಾವಾ, ಇಷ್ಟು ದೊಡ್ಡ ಸುಳಿ! ನೀವೇ ನೋಡಿ ತಂದ್ರಾ?”

“ನೋಡ್ದೆ. ಮೂವತ್ತು ವರ್ಷ ಬರೀ ಎಮ್ಮೆ ನೋಡ್ದೆ ಮಾರಾಯ, ಹಾಲು ಕರೆಯೋ ಕೈ ನೋಡ್ಲೇ ಇಲ್ಲ,” ಎಂದ ಗಿರಿಯಪ್ಪ. “ನೀನೂ ಒಂದ್ಸಲ ನಿನ್ನ ಹೆಂಡ್ತಿ ಕೈ ಹಿಡಿದು ನೋಡು.”

ಮಂಜುನಾಥಪ್ಪ ಹಿಡಿಯಲು ಹೋದ. ಅಷ್ಟರಲ್ಲಿ ಆ ಕೈ ತಂತಿಗಳ ಮೇಲಿತ್ತು. ಅವನು ಕಾಯುತ್ತ ಕುಳಿತ.